ಎಡಗೈ ಹೋದ ಬಡಗಿ: ಪರಿಹಾರ ಎಷ್ಟು, ಯಾವತ್ತಿನಿಂದ?

1968ರ ಜುಲೈ 6. ಒಡಿಶಾದ ಒಂದು ಚಿತ್ರಮಂದಿರದೊಳಗೆ ಅಲಂಕಾರದ ಕೆಲಸ ನಡೆಯುತ್ತಿತ್ತು. ಆ ಕೆಲಸದಲ್ಲಿದ್ದ ಬಡಗಿಯೊಬ್ಬರು ಬಿದ್ದರು. ಪೆಟ್ಟು ಜೋರಾಗಿತ್ತು. ಕೊನೆಗೆ ಎಡಗೈಯನ್ನು ಮೊಣಕೈ ಬಳಿ ಕತ್ತರಿಸಬೇಕಾಯಿತು. ಆಗ ಅವರ ಸಂಬಳ ತಿಂಗಳಿಗೆ 120 ರೂಪಾಯಿ.

ಈ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1975ರ ಡಿಸೆಂಬರ್ 4ರಂದು ನಾಲ್ವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಎನ್. ಶಿಂಘಲ್. ಓದಲು ಕೆಲವೇ ಪುಟ. ಆದರೆ ಸಾರ್ವೆ ಮೇಲಿಂದ ಬಿದ್ದವರು, ಪ್ರೆಸ್ ಮಷೀನಿಗೆ ಕೈ ಕೊಟ್ಟವರು, ಲಾರಿ ಓಡಿಸುವಾಗ ಕಾಲು ಕಳೆದುಕೊಂಡವರು ಇವತ್ತಿಗೂ ಪರಿಹಾರದ ಅರ್ಜಿ ಹಾಕಿದಾಗ ಅವರ ವಕೀಲರು ಮೊದಲು ಹಿಡಿಯುವ ತೀರ್ಪುಗಳಲ್ಲಿ ಇದೂ ಒಂದು. ಕಾರ್ಮಿಕರ ಹೆಸರನ್ನಾಗಲೀ ಮಾಲೀಕರ ಹೆಸರನ್ನಾಗಲೀ ಇಲ್ಲಿ ಬರೆದಿಲ್ಲ. ಹುಡುಕಬೇಕಾದವರು ತೀರ್ಪುಗಳನ್ನು ಅಚ್ಚು ಹಾಕುವ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) 1976ರ ಸಂಪುಟದಲ್ಲಿ ಸುಪ್ರೀಂ ಕೋರ್ಟ್ ಭಾಗದ 222ನೇ ಪುಟ ನೋಡಬಹುದು.

ಇದನ್ನು ಪೂರ್ತಿಯಾಗಿ ಬಿಡಿಸಿ ಬರೆಯಲು ಕಾರಣವಿದೆ. ಕೆಲಸದಲ್ಲಿ ಗಾಯವಾದವರ ಮನೆಯವರು ಪರಿಹಾರವನ್ನು ಮಾಲೀಕರ ದೊಡ್ಡ ಮನಸ್ಸು ಅಂದುಕೊಂಡಿರುತ್ತಾರೆ. "ಕೊಟ್ಟರೆ ಪುಣ್ಯ, ಕೊಡದಿದ್ದರೆ ನಮ್ಮ ಹಣೆಬರಹ" ಅನ್ನುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಗಾಯವಾದ ಗಳಿಗೆಯಲ್ಲೇ ಆ ಹಣ ಕಾರ್ಮಿಕರದ್ದಾಗುತ್ತದೆ. ಈ ಮಾತನ್ನು ಇಷ್ಟು ನೇರವಾಗಿ ಹೇಳಿಸಿದ್ದು ಆ ಬಡಗಿಯ ಹಟ.

ಮಾಲೀಕರು ಕೊಟ್ಟ ಉತ್ತರ

ಬಡಗಿ ಮೊದಲು ನೋಟಿಸ್ ಕಳಿಸಿದರು. ನನ್ನ ಕೈ ಹೋಗಿದೆ, ಪರಿಹಾರ ಕೊಡಿ ಅಂತ. ಅದಕ್ಕೆ ಬಂದ ಉತ್ತರದಲ್ಲಿ ಎರಡು ಮಾತಿತ್ತು. ಒಂದು, ನೀನು ನಮ್ಮ ಕೆಲಸಗಾರನಲ್ಲ, ಆಗೊಮ್ಮೆ ಈಗೊಮ್ಮೆ ಬರುವ ಗುತ್ತಿಗೆದಾರ. ಎರಡು, ಅಪಘಾತ ಆಗಿದ್ದು ಪೂರ್ತಿ ನಿನ್ನದೇ ಅಜಾಗರೂಕತೆಯಿಂದ.

ಆಮೇಲೆ ಅವರು ಖುದ್ದಾಗಿ ಹೋಗಿ ಕೇಳಿದರು. ಪ್ರಯೋಜನವಾಗಲಿಲ್ಲ. ಕೊನೆಗೆ ಇಂಥ ತಕರಾರು ತೀರ್ಮಾನಿಸುವ ಕಾರ್ಮಿಕ ಪರಿಹಾರ ಆಯುಕ್ತರ ಮುಂದೆ ಅರ್ಜಿ ಹಾಕಿದರು. ನಾನು ಇವರ ಕಾಯಂ ಕೆಲಸಗಾರ, ಸಂಬಳ ಇಷ್ಟು, ಕೆಲಸ ಮಾಡುವಾಗಲೇ ಗಾಯವಾಗಿದೆ ಎಂದು ಅರ್ಜಿಯಲ್ಲಿ ಹೇಳಿದರು.

ಮಾಲೀಕರ ಆ ಎರಡು ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಐವತ್ತು ವರ್ಷ ದಾಟಿದರೂ ಉತ್ತರ ಬದಲಾಗಿಲ್ಲ. "ಅವನು ನಮ್ಮವನಲ್ಲ, ಮೇಸ್ತ್ರಿ ಕಡೆಯವನು." "ಹೆಲ್ಮೆಟ್ ಹಾಕ್ಕೋ ಅಂತ ಹೇಳಿದ್ವಿ, ಕೇಳಲಿಲ್ಲ." ಹೀಗಾಗಿ ಈ ಎರಡು ಮಾತಿಗೆ ಕಾನೂನಿನಲ್ಲಿ ಎಷ್ಟು ತೂಕವಿದೆ ಅನ್ನುವುದನ್ನು ಇಲ್ಲೇ ನೋಡಿಬಿಡೋಣ.

ಮೊದಲನೆಯ ಮಾತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ (2025ರ ನವೆಂಬರ್‌ನಲ್ಲಿ ಇದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಆ ಮಾತು ಕೊನೆಯಲ್ಲಿದೆ) ವ್ಯಾಖ್ಯೆಯಲ್ಲಿ ಆಗ ಒಂದು ಕಿಂಡಿ ಇತ್ತು. ಅಪರೂಪಕ್ಕೊಮ್ಮೆ ಬರುವವರು, ಅದೂ ಮಾಲೀಕರ ವ್ಯಾಪಾರಕ್ಕೆ ಸಂಬಂಧಪಡದ ಕೆಲಸಕ್ಕೆ ಬಂದವರು, 'ಕಾರ್ಮಿಕ' ಎಂಬ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಮಾಲೀಕರು ನುಸುಳಲು ನೋಡಿದ್ದು ಈ ಕಿಂಡಿಯಲ್ಲೇ. 2000ದ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದು ಅದನ್ನು ಮುಚ್ಚಲಾಯಿತು. ಆಮೇಲೆ "ದಿನಗೂಲಿಯವನು, ನಿನ್ನೆಯಷ್ಟೇ ಬಂದವನು" ಎಂಬ ಮಾತು ಪರಿಹಾರ ತಪ್ಪಿಸುವ ಕಾರಣವಾಗಿ ಉಳಿಯಲಿಲ್ಲ. ಇನ್ನು ಮೇಸ್ತ್ರಿ ಅಥವಾ ಗುತ್ತಿಗೆದಾರ ನಡುವೆ ಇದ್ದರೆ? ಕಾಯ್ದೆಯ 12ನೇ ಕಲಂ ಅದಕ್ಕೆಂದೇ ಇದೆ. ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕರಿಂದಲೇ ಗಾಯಗೊಂಡವರು ಪರಿಹಾರ ಕೇಳಬಹುದು. ಮಾಲೀಕರು ಬೇಕಾದರೆ ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಲಿ. ಆ ಜಗಳ ಮುಗಿಯುವವರೆಗೆ ಕಾರ್ಮಿಕರು ಕಾಯಬೇಕಿಲ್ಲ.

ಎರಡನೆಯ ಮಾತಿಗೆ ಅಷ್ಟು ತೂಕವೂ ಇಲ್ಲ. ಈ ಕಾಯ್ದೆಯಲ್ಲಿ ತಪ್ಪು ಯಾರದು ಅನ್ನುವುದು ಮುಖ್ಯವೇ ಅಲ್ಲ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತವಾಗಿ ಗಾಯವಾಯಿತೇ ಎಂಬುದಷ್ಟೇ ಪ್ರಶ್ನೆ. ಮೈಮರೆತು ಕಾಲು ಜಾರಿದರೂ ಪರಿಹಾರವಿದೆ. ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರೆ, ರಕ್ಷಣೆಯ ಸಲಕರಣೆಯನ್ನು ಬೇಕೆಂದೇ ತೆಗೆದುಹಾಕಿದ್ದರೆ ಮಾತ್ರ ಮಾಲೀಕರಿಗೆ ತಕರಾರು ಎತ್ತಲು ಅವಕಾಶ. ಅಲ್ಲೂ ಅಪಘಾತ ಆ ಕಾರಣದಿಂದಲೇ ಆಗಿರಬೇಕು. 1995ರ ತಿದ್ದುಪಡಿ ಜಾರಿಗೆ ಬಂದ ಮೇಲೆ, ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆ ಆದ ಕಡೆ ಈ ತಕರಾರುಗಳಿಗೂ ಜಾಗವಿಲ್ಲ. ಸುಮ್ನೆ "ನಿನ್ನದೇ ತಪ್ಪು" ಅಂದುಬಿಟ್ಟರೆ ಏನೂ ಆಗುವುದಿಲ್ಲ. ಆದರೂ ಈ ಒಂದು ಮಾತು ಕೇಳಿಯೇ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರಿಗೆ ತಮ್ಮ ಬಗ್ಗೆಯೇ ಅಪರಾಧ ಭಾವ ಹುಟ್ಟಿಸುವುದು ನನ್ನ ಪ್ರಕಾರ ಈ ಇಡೀ ವ್ಯವಹಾರದಲ್ಲಿ ಅತಿ ಕೆಟ್ಟ ಕೆಲಸ.

ಆಯುಕ್ತರು ಬಡಗಿಯ ಮಾತನ್ನು ನಂಬಿದರು. 1969ರ ಮೇ 6ರಂದು ಆದೇಶ ಬಂತು. ಪರಿಹಾರ 9,800 ರೂಪಾಯಿ. ಸಮಯಕ್ಕೆ ಕೊಡದೇ ಇದ್ದುದಕ್ಕೆ ಅದರ ಶೇಕಡಾ 50 ದಂಡ, ಅಂದರೆ 4,900. ಮೇಲೆ ವರ್ಷಕ್ಕೆ ಶೇಕಡಾ 6ರ ಬಡ್ಡಿ. ಎಲ್ಲ ಸೇರಿ 15,092 ರೂಪಾಯಿ. ಬಡ್ಡಿಯ ಪಾಲು 392 ರೂಪಾಯಿ, ಎಂಟು ತಿಂಗಳ ಲೆಕ್ಕ.

ಮಾಲೀಕರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. 1969ರ ಅಕ್ಟೋಬರ್ 1ರಂದು ಅದು ಆರಂಭದಲ್ಲೇ ವಜಾ ಆಯಿತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಅಲ್ಲಿ ಆರು ವರ್ಷ ಹೋಯಿತು.

ಒಂದು ಕೈಯೋ, ಪೂರ್ತಿ ಕಸುಬೋ?

ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ ಅಪಘಾತ ಆದದ್ದು ಕೆಲಸದಲ್ಲೇ ಎಂಬುದರ ಬಗ್ಗೆ ತಕರಾರು ಉಳಿದಿರಲಿಲ್ಲ. ಮಾಲೀಕರ ವಕೀಲರು ಬೇರೆ ದಾರಿ ಹಿಡಿದರು. ಇದು ಪೂರ್ಣ ಅಸಮರ್ಥತೆ ಅಲ್ಲ, ಭಾಗಶಃ ಮಾತ್ರ ಅಂದರು.

ಕಾಯ್ದೆಗೆ ಒಂದು ಅನುಸೂಚಿ ಇದೆ. ಎರಡು ಭಾಗ. ಮೊದಲ ಭಾಗದಲ್ಲಿ ಎರಡೂ ಕೈ ಹೋಗುವುದು, ಎರಡೂ ಕಣ್ಣು ಕಾಣದೇ ಆಗುವುದು ಮುಂತಾದ ಗಾಯಗಳು. ಇವು ನೇರವಾಗಿ ಶೇಕಡಾ 100. ಎರಡನೆಯ ಭಾಗದಲ್ಲಿ ದೇಹದ ಒಂದೊಂದು ಅಂಗಕ್ಕೂ ಒಂದೊಂದು ಶೇಕಡಾವಾರು. ಕೈಯ ವಿಷಯದಲ್ಲಿ ಅಂಗುಲದ ಲೆಕ್ಕವಿದೆ. ಭುಜದ ತುದಿಯಿಂದ 8 ಅಂಗುಲಕ್ಕಿಂತ ಕಡಿಮೆ ಉಳಿದಿದ್ದರೆ ಶೇಕಡಾ 80. ಅಲ್ಲಿಂದ ಕೆಳಗೆ, ಮೊಣಕೈ ತುದಿಯಿಂದ ನಾಲ್ಕೂವರೆ ಅಂಗುಲದೊಳಗೆ ಕತ್ತರಿಸಿದ್ದರೆ ಶೇಕಡಾ 70. ಬಡಗಿಯ ಕೈ ಈ ಎರಡನೆಯ ಸಾಲಿಗೆ ಬರುತ್ತದೆ, ಅಷ್ಟೇ ಕೊಡಬೇಕು ಎಂಬುದು ಮಾಲೀಕರ ವಾದ.

ಅಷ್ಟೇ ಅಂದರೆ ಎಷ್ಟು? 9,800ರ ಶೇಕಡಾ 70 ಎಂದರೆ 6,860. ವ್ಯತ್ಯಾಸ 2,940 ರೂಪಾಯಿ. ತಿಂಗಳಿಗೆ 120 ದುಡಿಯುವವರಿಗೆ ಅದು ಎರಡು ವರ್ಷಕ್ಕಿಂತ ಜಾಸ್ತಿ ಸಂಬಳ.

ಆಯುಕ್ತರು ಬರೆದಿದ್ದ ಕಾರಣ ತೀರಾ ಸರಳ. ಗಾಯಗೊಂಡವರು ಕಸುಬಿನಿಂದ ಬಡಗಿ. ಮೊಣಕೈ ಮೇಲಿಂದ ಎಡಗೈ ಹೋಗಿದೆ. ಮರಗೆಲಸವನ್ನು ಒಂದೇ ಕೈಯಲ್ಲಿ ಮಾಡಲು ಆಗುವುದಿಲ್ಲ. ಇಷ್ಟೇ. ಒಂದು ಕೈ ಮರವನ್ನು ಹಿಡಿಯಬೇಕು, ಇನ್ನೊಂದು ಕೈ ಉಳಿ ಹೊಡೆಯಬೇಕು. ಕೀಸುಳಿ ತಳ್ಳಲು ಎರಡೂ ಕೈ ಬೇಕು. ಇದನ್ನು ತಿಳಿಯಲು ವೈದ್ಯರ ಪ್ರಮಾಣಪತ್ರ ಬೇಕಾಗಿಲ್ಲ.

ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಕಾಯ್ದೆಯಲ್ಲಿ ಪೂರ್ಣ ಅಸಮರ್ಥತೆಯ ವ್ಯಾಖ್ಯೆ ಹೀಗಿದೆ: ಅಪಘಾತದ ಹೊತ್ತಿಗೆ ಕಾರ್ಮಿಕರು ಯಾವ ಕೆಲಸಗಳನ್ನು ಮಾಡಬಲ್ಲವರಾಗಿದ್ದರೋ ಆ ಎಲ್ಲ ಕೆಲಸಕ್ಕೂ ಅಸಮರ್ಥರಾಗುವುದು. ಅಳತೆ ಅಂಗದ ಮೇಲೆ ನಿಂತಿಲ್ಲ, ಕೆಲಸದ ಮೇಲೆ ನಿಂತಿದೆ. ಹೋಗಿದ್ದು ಒಂದು ಕೈ, ಆದರೆ ಅದರ ಜೊತೆ ಹೋಗಿದ್ದು ಇಡೀ ಕಸುಬು.

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. ಅದನ್ನು ಜಾರಿಸಿ ಮುಂದೆ ಹೋಗುವುದು ಸರಿಯಲ್ಲ. ಬೀಳುವ ಮೊದಲು ಆ ಬಡಗಿ ಕಾವಲುಗಾರರಾಗಿಯೂ ಕೂರಬಹುದಿತ್ತು, ಟಿಕೆಟ್ ಹರಿದುಕೊಡಬಹುದಿತ್ತು. ಒಂದು ಕೈ ಹೋದ ಮೇಲೂ ಅದನ್ನು ಮಾಡಬಹುದು. ಹಾಗಾದರೆ 'ಎಲ್ಲ ಕೆಲಸ' ಹೋಯಿತು ಅನ್ನುವುದು ಹೇಗೆ? ವ್ಯಾಖ್ಯೆಯ ಅಕ್ಷರ ಹಿಡಿದು ಕೂತರೆ ಈ ವಾದಕ್ಕೆ ಜಾಗವಿದೆ. ಆದರೆ ಆ ದಾರಿಯಲ್ಲಿ ಹೋದರೆ ಕೈ ಕಾಲು ಹೋದ ಯಾವ ಕುಶಲಕರ್ಮಿಗೂ ಪೂರ್ಣ ಪರಿಹಾರ ಸಿಗುವುದಿಲ್ಲ. ಕೂತು ಮಾಡುವ ಯಾವುದೋ ಒಂದು ಕೆಲಸವನ್ನು ಯಾವಾಗಲೂ ತೋರಿಸಬಹುದು. ವರ್ಷಗಟ್ಟಲೆ ಕಲಿತ ಕಸುಬು, ಅದರಿಂದ ಬರುತ್ತಿದ್ದ ಕೂಲಿ, ಅದರ ಮೇಲೆ ಕಟ್ಟಿಕೊಂಡ ಸಂಸಾರ ಇವೆಲ್ಲ ಲೆಕ್ಕದಿಂದಲೇ ಹೊರಗೆ ಹೋಗುತ್ತವೆ. ಕೋರ್ಟ್ ಬಡಗಿಯನ್ನು ಬಡಗಿಯಾಗಿ ನೋಡಿತು. ಅದೇ ಸರಿ ಎಂದು ನನ್ನ ದೃಢವಾದ ನಂಬಿಕೆ.

ಹಾಗಂತ ಈ ತೀರ್ಪು ಹಿಡಿದುಕೊಂಡು ಹೋದವರಿಗೆಲ್ಲ ಶೇಕಡಾ 100 ಸಿಗುತ್ತದೆ ಅಂತ ಅಲ್ಲ. ಒಂದು ಬೆರಳು ಹೋಗಿದ್ದು ಅದೇ ಕಾರ್ಖಾನೆಯಲ್ಲಿ ಅದೇ ಸಂಬಳಕ್ಕೆ ಮುಂದುವರಿದಿದ್ದರೆ ಅನುಸೂಚಿಯ ಶೇಕಡಾವಾರೇ ಸಿಗುವುದು ಜಾಸ್ತಿ. ಮಾಡುತ್ತಿದ್ದ ಕೆಲಸ ಏನು, ಅದಕ್ಕೆ ಯಾವ ಅಂಗ ಹೇಗೆ ಬೇಕಿತ್ತು, ಈಗ ಯಾಕೆ ಆಗುವುದಿಲ್ಲ ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳಬೇಕು. ವೈದ್ಯರನ್ನು ಪಾಟೀಸವಾಲಿಗೆ ಒಡ್ಡುವಾಗಲೂ ಅಂಗದ ಅಸಮರ್ಥತೆ ಎಷ್ಟು ಅನ್ನುವುದಕ್ಕೇ ಮಾತು ನಿಲ್ಲುತ್ತದೆ. ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಬೇರೆಯೇ ಪ್ರಶ್ನೆ, ಅದನ್ನೂ ಕೇಳಿಸಬೇಕು.

ಅಯನೂರಿನಿಂದ ಶಿವಮೊಗ್ಗಕ್ಕೆ

ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಟ್ಯಾಂಕರ್ ಚಾಲಕರೊಬ್ಬರು ಅಯನೂರಿನಿಂದ ಶಿವಮೊಗ್ಗದ ಕಡೆ ಬರುತ್ತಿದ್ದರು. ಎದುರಿಂದ ಬಂದ ಟ್ರ್ಯಾಕ್ಟರ್ ಜೊತೆ ಅಪಘಾತವಾಯಿತು. ಬಲಗಾಲನ್ನು ಮಂಡಿಯವರೆಗೆ ತೆಗೆಯಬೇಕಾಯಿತು. ಚಾಲಕರ ಕೆಲಸಕ್ಕೆ ಇವರು ಇನ್ನು ಪೂರ್ತಿ ಅಸಮರ್ಥರು ಎಂದು ಆಯುಕ್ತರು ಶೇಕಡಾ 100 ಹಿಡಿದು 2,49,576 ರೂಪಾಯಿ ಕೊಡಿಸಿದರು. ಹೈಕೋರ್ಟ್ ಆ ಶೇಕಡಾವಾರನ್ನು ಇಳಿಸಿತು.

2008ರಲ್ಲಿ ಸುಪ್ರೀಂ ಕೋರ್ಟ್ ಆಯುಕ್ತರ ಆದೇಶವನ್ನೇ ಮತ್ತೆ ಎತ್ತಿ ಹಿಡಿಯಿತು. ಆಧಾರವಾಗಿ ತೆಗೆದುಕೊಂಡಿದ್ದು ಆ ಒಡಿಶಾದ ಬಡಗಿಯ ತೀರ್ಪನ್ನು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು. ಒಂದು ಕಾಲಿಲ್ಲದವರಿಗೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಚಾಲನಾ ಪರವಾನಗಿಯೇ ಸಿಗದ ಸ್ಥಿತಿ ಇದೆ ಎಂದಿತು. ಲೈಸೆನ್ಸ್ ಸಿಗದವರು ಚಾಲಕರಾಗಿ ದುಡಿಯುವುದು ಹೇಗೆ? ಇಂಥ ಒಂದು ಕಾಗದ ಕೆಲವೊಮ್ಮೆ ಹತ್ತು ಸಾಕ್ಷಿಗಿಂತ ಗಟ್ಟಿ. ಕಾಲು ಹೋದ ಚಾಲಕರ ಅರ್ಜಿ ನಡೆಸುವವರು ಲೈಸೆನ್ಸ್ ಪ್ರತಿಯನ್ನು ಸುಮ್ನೆ ಗುರುತಿಗೆ ಹಾಕಿ ಬಿಡುತ್ತಾರೆ. ಅದನ್ನು ವಾದದ ಭಾಗ ಮಾಡಬೇಕು.

ಹಣ ಬಾಕಿಯಾದ ದಿನ ಯಾವುದು?

ಮಾಲೀಕರ ಎರಡನೆಯ ವಾದವೇ ಈ ಪ್ರಕರಣದ ಜೀವಾಳ. ದಂಡ, ಬಡ್ಡಿ ಹಾಕಿದ್ದು ತಪ್ಪು ಅಂದರು. ಯಾಕೆಂದರೆ ಆಯುಕ್ತರು ತೀರ್ಮಾನ ಮಾಡುವವರೆಗೆ ನಾನು ಕೊಡಬೇಕೋ ಬೇಡವೋ, ಎಷ್ಟು ಕೊಡಬೇಕು ಅನ್ನುವುದೇ ಗೊತ್ತಿರಲಿಲ್ಲ. 1969ರ ಮೇ 6ರಂದು ಆದೇಶ ಬಂತು. ಹಣ ಬಾಕಿಯಾಗಿದ್ದು ಅವತ್ತು. ಅದಕ್ಕೂ ಮೊದಲು ತಡ ಮಾಡಿದೆ ಅನ್ನುವುದು ಹೇಗೆ?

ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕೈಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಗೆದ್ದರೆ, ಸಾಲ ಹುಟ್ಟಿದ್ದು ತೀರ್ಪಿನ ದಿನ ಅಂತ ಯಾರಾದರೂ ಹೇಳುತ್ತಾರಾ? ಸುಪ್ರೀಂ ಕೋರ್ಟ್ ಕಾಯ್ದೆಯ 3ನೇ ಕಲಂ ಅನ್ನು ಮುಂದಿಟ್ಟಿತು. ಕೆಲಸದ ಕಾರಣದಿಂದ ಗಾಯವಾದ ಕೂಡಲೇ ಮಾಲೀಕರು ಪರಿಹಾರಕ್ಕೆ ಹೊಣೆಯಾಗುತ್ತಾರೆ ಎಂದು ಆ ಕಲಂ ಹೇಳುತ್ತದೆ. ಆಯುಕ್ತರು ಆ ಹೊಣೆಯನ್ನು ಹುಟ್ಟಿಸುವುದಿಲ್ಲ. ತಕರಾರಿದ್ದರೆ ಬಗೆಹರಿಸುತ್ತಾರೆ, ಅಷ್ಟೇ. 19ನೇ ಕಲಂ ಪ್ರಕಾರ ಆಯುಕ್ತರು ವಿಚಾರಣೆ ಮಾಡುತ್ತಿದ್ದಾರೆ ಅನ್ನುವ ಕಾರಣಕ್ಕೆ ಕೊಡುವ ಹೊಣೆ ಅಲ್ಲಿಯವರೆಗೆ ನಿಂತುಹೋಗುವುದಿಲ್ಲ.

ಕೋರ್ಟ್ ಮಾಲೀಕರ ನಡವಳಿಕೆಯನ್ನೂ ನೋಡಿತು. 4ಎ ಕಲಂನಲ್ಲಿ ಒಂದು ಒಳ್ಳೆಯ ನಿಯಮವಿದೆ. ಕೇಳಿದಷ್ಟು ಕೊಡಲು ಮಾಲೀಕರಿಗೆ ಒಪ್ಪಿಗೆ ಇಲ್ಲದಿದ್ದರೆ, ತಾವು ಒಪ್ಪುವಷ್ಟನ್ನಾದರೂ ತಾತ್ಕಾಲಿಕವಾಗಿ ಕೊಡಬೇಕು ಅಥವಾ ಆಯುಕ್ತರ ಬಳಿ ಠೇವಣಿ ಇಡಬೇಕು. ಉಳಿದದ್ದಕ್ಕೆ ಜಗಳ ಮಾಡಲಿ. ಈ ಮಾಲೀಕರು ಅದನ್ನೂ ಮಾಡಲಿಲ್ಲ. ಬದಲಿಗೆ ಇವನು ಗುತ್ತಿಗೆದಾರ, ತಪ್ಪು ಇವನದೇ ಎಂಬ ಸುಳ್ಳು ತಕರಾರು ಎತ್ತಿದರು. ಖುದ್ದಾಗಿ ಬಂದು ಕೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥವರಿಗೆ ದಂಡ, ಬಡ್ಡಿ ಎರಡೂ ಸರಿಯೇ ಎಂದು ಕೋರ್ಟ್ ಹೇಳಿ ಮೇಲ್ಮನವಿಯನ್ನು ವಜಾ ಮಾಡಿತು.

ಆ ಬಡಗಿ ಕಳಿಸಿದ ನೋಟಿಸ್ ಮತ್ತು ಖುದ್ದಾಗಿ ಹೋಗಿ ಕೇಳಿದ್ದು ಏಳು ವರ್ಷದ ನಂತರ ದೆಹಲಿಯಲ್ಲಿ ಕೆಲಸಕ್ಕೆ ಬಂತು. ಹಾಗಾಗಿ ಬಾಯಲ್ಲಿ ಕೇಳಿದರೆ ಸಾಲದು, ಬರಹದಲ್ಲೂ ಕೇಳಿ. ರಿಜಿಸ್ಟರ್ಡ್ ಅಂಚೆಯಲ್ಲೋ ಸ್ಪೀಡ್ ಪೋಸ್ಟ್‌ನಲ್ಲೋ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅವರು ಕೊಡುವ ಉತ್ತರ ಎಷ್ಟು ಒರಟಾಗಿದ್ದರೂ ಹರಿಯಬೇಡಿ.

ಇಷ್ಟು ಸ್ಪಷ್ಟವಾದ ತೀರ್ಪು ಬಂದ ಮೇಲೂ ಗೊಂದಲ ತಪ್ಪಲಿಲ್ಲ. 1999ರಲ್ಲಿ ಕೇರಳ ರಾಜ್ಯ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ದಾರಿಯಲ್ಲಿ ನಡೆದು, ಪರಿಹಾರದ ದರಕ್ಕೂ ಅಪಘಾತದ ದಿನವೇ ಲೆಕ್ಕ ಎಂದಿತು. ಆದರೆ 2007 ಮತ್ತು 2009ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠಗಳು, ಹಳೆಯ ದೊಡ್ಡ ಪೀಠದ ತೀರ್ಪನ್ನು ಗಮನಿಸದೆ, ಬಡ್ಡಿ ಆದೇಶದ ನಂತರವೇ ಎಂಬ ಅರ್ಥ ಬರುವಂತೆ ಹೇಳಿದವು. ಮಾಲೀಕರ ಪರವಾಗಿ ಪರಿಹಾರ ತುಂಬುವ ವಿಮಾ ಕಂಪನಿಗಳಿಗೆ ಅದೇ ಸಾಕಾಯಿತು. ಎಲ್ಲ ಕಡೆ ಅದನ್ನೇ ಮುಂದೆ ಮಾಡತೊಡಗಿದವು. 2012ರಲ್ಲಿ ಇನ್ನೊಂದು ಪೀಠ ಈ ಗೊಂದಲವನ್ನು ಬಿಡಿಸಿತು. ನಾಲ್ವರ ಪೀಠ ಹೇಳಿದ್ದೇ ಕಾನೂನು, ಆಮೇಲಿನ ಆ ಎರಡು ತೀರ್ಪುಗಳು ಮಾದರಿಯಾಗುವುದಿಲ್ಲ ಎಂದಿತು. ಈಗಲೂ ವಿಚಾರಣೆಯಲ್ಲಿ 2007ರ ತೀರ್ಪನ್ನು ಯಾರಾದರೂ ತೋರಿಸಿದರೆ, 2012ರದ್ದನ್ನು ಎದುರಿಗೆ ಇಡಬೇಕು.

ಇದೇ ಬಡಗಿ ನಮ್ಮೂರಲ್ಲಿ ಬಿದ್ದಿದ್ದರೆ

ಇವತ್ತಿನ ದುಡ್ಡಿನಲ್ಲಿ ಈ ಎರಡು ವಾದಗಳ ಬೆಲೆ ಎಷ್ಟು ಅಂತ ನೋಡೋಣ. ಅಪಘಾತ ಆಗಿದ್ದು 2024ರಲ್ಲಿ, ದಾವಣಗೆರೆಯ ಒಂದು ಸೈಟಿನಲ್ಲಿ, ಬಡಗಿಗೆ 30 ವರ್ಷ, ತಿಂಗಳಿಗೆ 18,000 ದುಡಿಯುತ್ತಿದ್ದರು ಅಂತ ಇಟ್ಟುಕೊಳ್ಳಿ.

1968ರಲ್ಲಿ ಸಂಬಳದ ಮೆಟ್ಟಿಲಿಗೆ ತಕ್ಕಂತೆ ಗೊತ್ತುಮಾಡಿದ ಮೊತ್ತ ಇತ್ತು. 2024ರ ಲೆಕ್ಕ ಬೇರೆ. ಶಾಶ್ವತ ಪೂರ್ಣ ಅಸಮರ್ಥತೆ ಆದರೆ ತಿಂಗಳ ಸಂಬಳದ ಶೇಕಡಾ 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸಬೇಕು. 30 ವರ್ಷಕ್ಕೆ ಗುಣಕ 207.98. ವಯಸ್ಸು ಕಡಿಮೆ ಇದ್ದಷ್ಟೂ ಗುಣಕ ಜಾಸ್ತಿ, 25ಕ್ಕೆ 216.91, 40ಕ್ಕೆ 184.17. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿವರೆಗೆ ಮಾತ್ರ. ಈ ಮಿತಿ 2020ರ ಜನವರಿ 3ರಿಂದ ಬಂದಿದ್ದು. ಅದಕ್ಕೂ ಮೊದಲು ಮಿತಿ 8,000 ಇತ್ತು.

ಹಾಗಾದರೆ 9,000ವನ್ನು 207.98ರಿಂದ ಗುಣಿಸಿದರೆ 18,71,820 ರೂಪಾಯಿ. ಮಾಲೀಕರ ವಾದದಂತೆ ಶೇಕಡಾ 70 ಹಿಡಿದರೆ 13,10,274. 'ಮರಗೆಲಸವನ್ನು ಒಂದೇ ಕೈಯಲ್ಲಿ ಮಾಡಲು ಆಗುವುದಿಲ್ಲ' ಎಂಬ ಒಂದು ವಾಕ್ಯಕ್ಕೆ ಇಲ್ಲಿ 5,61,546 ರೂಪಾಯಿ ಬೆಲೆ.

ಇನ್ನು ಬಡ್ಡಿ. ಬಾಕಿಯಾದ ಹಣವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಈ ಲೆಕ್ಕದಲ್ಲಿ ಬಡ್ಡಿ ವರ್ಷಕ್ಕೆ ಕನಿಷ್ಠ ಶೇಕಡಾ 12. ಆ 18,71,820ಕ್ಕೆ ತಿಂಗಳ ಬಡ್ಡಿಯೇ 18,718 ರೂಪಾಯಿ ಆಗುತ್ತದೆ. ಕೈ ಸರಿ ಇದ್ದಾಗ ಅವರು ದುಡಿಯುತ್ತಿದ್ದುದಕ್ಕಿಂತ ಸ್ವಲ್ಪ ಜಾಸ್ತಿ! ಪ್ರಕರಣ ಮೂರು ವರ್ಷ ಎಳೆದರೆ, ಅಪಘಾತದ ದಿನದಿಂದಲೋ ಆದೇಶದ ದಿನದಿಂದಲೋ ಎಂಬ ಪ್ರಶ್ನೆಗೆ ಸುಮಾರು 6.7 ಲಕ್ಷ ರೂಪಾಯಿ ತೂಗುಹಾಕಿರುತ್ತದೆ. ವಿಮಾ ಕಂಪನಿಗಳು ಈ ಒಂದು ಅಂಶಕ್ಕೆ ಅಷ್ಟು ಹೋರಾಡಿದ್ದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ಶೇಕಡಾ 50ರವರೆಗೆ ದಂಡ ಬೇರೆ. ದಂಡ ಹಾಕುವ ಮೊದಲು ಮಾಲೀಕರಿಗೆ ಕಾರಣ ಕೇಳಿ ನೋಟಿಸ್ ಕೊಡಬೇಕು. ಆ ದಂಡದ ಹಣ ಸೇರುವುದು ಕಾರ್ಮಿಕರಿಗೇ. ವಿಮೆ ಇದ್ದರೆ ಪರಿಹಾರ ಮತ್ತು ಬಡ್ಡಿಯನ್ನು ವಿಮಾ ಕಂಪನಿ ತುಂಬಬೇಕಾಗಬಹುದು. ದಂಡವನ್ನು ಮಾತ್ರ ಮಾಲೀಕರು ತಮ್ಮ ಜೇಬಿನಿಂದಲೇ ಕೊಡಬೇಕು. 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇದು. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕರು ಪರಿಹಾರದ ಜೊತೆಗೆ ಪ್ರತ್ಯೇಕವಾಗಿ ತುಂಬಿಕೊಡಬೇಕು. "ಆಸ್ಪತ್ರೆ ಬಿಲ್ ಕಟ್ಟಿದ್ದೀವಲ್ಲ, ಇನ್ನೇನು?" ಅನ್ನುವ ಮಾತಿಗೆ ಇದೇ ಉತ್ತರ.

ಸಾಕ್ಷ್ಯದ ವಿಷಯಕ್ಕೆ ಬಂದರೆ, ಎಷ್ಟೋ ಪ್ರಕರಣಗಳು ಹಾಳಾಗುವುದು ಕೋರ್ಟಿನಲ್ಲಲ್ಲ, ಮೊದಲ ರಾತ್ರಿ ಆಸ್ಪತ್ರೆಯಲ್ಲಿ. ಗಾಯಾಳುವನ್ನು ಕರೆತಂದ ಮೇಸ್ತ್ರಿ ಡಾಕ್ಟರ ಹತ್ತಿರ "ಮನೇಲಿ ಬಿದ್ರು ಸಾರ್" ಅಂತ ಬರೆಸಿಬಿಡುತ್ತಾರೆ. ಮನೆಯವರಿಗೆ "ಏನಮ್ಮಾ, ಪೊಲೀಸು ಗಿಲೀಸು ಬೇಡ, ಖರ್ಚೆಲ್ಲ ನಾವು ನೋಡ್ಕೋತೀವಿ" ಅನ್ನುತ್ತಾರೆ. ಆ ಗಾಬರಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಒಂದು ಸಾಲು ದಾಖಲೆಯಲ್ಲಿ ಉಳಿಯುತ್ತದೆ. ಎರಡು ವರ್ಷ ಬಿಟ್ಟು ವಿಮಾ ಕಂಪನಿಯ ವಕೀಲರು ಅದನ್ನೇ ಓದುತ್ತಾರೆ. ಕೆಲಸದ ಜಾಗದಲ್ಲಿ, ಕೆಲಸ ಮಾಡುವಾಗ ಆಯಿತು ಎಂದು ಬರೆಸಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ಆಸ್ಪತ್ರೆಯ ದಾಖಲೆ) ಮಾಡಿಸಿ. ದಯವಿಟ್ಟು ಇದೊಂದನ್ನು ಮಾತ್ರ ಮರೆಯಬೇಡಿ.

ನೇಮಕದ ಪತ್ರ ಇಲ್ಲ ಅಂತ ಹೆದರಬೇಕಾಗಿಲ್ಲ. ಒಡಿಶಾದ ಪ್ರಕರಣದಲ್ಲಿ ಮಾಲೀಕರು ಇವನು ನಮ್ಮವನಲ್ಲ ಎಂದಿದ್ದರೂ ಆಯುಕ್ತರು ವಿಚಾರಣೆ ಮಾಡಿ ಕೆಲಸಗಾರನೇ ಎಂದು ತೀರ್ಮಾನಿಸಿದ್ದರು. ಈಗ ಫೋನಿನಲ್ಲೇ ಬೇಕಾದಷ್ಟು ಇರುತ್ತದೆ. ಫೋನ್‌ಪೇ, ಗೂಗಲ್ ಪೇಯಲ್ಲಿ ಬಂದ ವಾರದ ಬಟವಾಡೆ, "ನಾಳೆ ಬೇಗ ಬಾ" ಎಂಬ ವಾಟ್ಸ್‌ಆ್ಯಪ್ ಸಂದೇಶ, ಸೈಟಿನಲ್ಲಿ ತೆಗೆದ ಫೋಟೋ, ಜೊತೆಗೆ ಕೆಲಸ ಮಾಡುತ್ತಿದ್ದವರ ಮಾತು. ಫೋನ್ ಬದಲಾಯಿಸುವ ಮೊದಲು ಇವನ್ನೆಲ್ಲ ತೆಗೆದಿಟ್ಟುಕೊಳ್ಳಿ.

ರಾಜಿ ಕಾಗದದ ಬಗ್ಗೆಯೂ ಹೇಳಬೇಕು. ಐವತ್ತು ಸಾವಿರ ಕೈಗಿತ್ತು ಛಾಪಾ ಕಾಗದದ ಮೇಲೆ "ಇನ್ನು ಯಾವ ಹಕ್ಕೂ ಇಲ್ಲ" ಎಂದು ಸಹಿ ಹಾಕಿಸಿಕೊಳ್ಳುವುದು ನಡೆಯುತ್ತದೆ. ಕಾಯ್ದೆಯ 17ನೇ ಕಲಂ ಪ್ರಕಾರ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಮಾಲೀಕರ ಹೊಣೆಯನ್ನು ಇಳಿಸುವ ಒಪ್ಪಂದ ಆ ಮಟ್ಟಿಗೆ ಶೂನ್ಯ. ಮೊತ್ತದ ಬಗ್ಗೆ ಒಪ್ಪಂದ ಆದರೂ ಅದನ್ನು ಆಯುಕ್ತರ ಬಳಿ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಅನಿಸಿದರೆ, ಮೋಸದಿಂದಲೋ ಒತ್ತಾಯದಿಂದಲೋ ಆಗಿದೆ ಅನಿಸಿದರೆ ಅವರು ನೋಂದಣಿಯನ್ನೇ ನಿರಾಕರಿಸಬಹುದು. ಸಹಿ ಹಾಕಿ ಆಗಿದೆ ಅಂತ ಕೈಚೆಲ್ಲಿ ಕೂರಬೇಡಿ.

ಕಾರ್ಖಾನೆಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರಿಗೆ ದಾರಿ ಬೇರೆ. ಅವರು ಈ ಆಯುಕ್ತರ ಬಳಿ ಹೋಗುವ ಹಾಗಿಲ್ಲ, ಇಎಸ್‌ಐ ನಿಗಮದಿಂದಲೇ ಶಾಶ್ವತ ಅಸಮರ್ಥತೆಯ ಸೌಲಭ್ಯ ಪಡೆಯಬೇಕು. ಅದು ಒಂದೇ ಸಲ ಸಿಗುವ ಇಡುಗಂಟು ಅಲ್ಲ, ತಿಂಗಳು ತಿಂಗಳು ಜೀವನಪೂರ್ತಿ ಬರುತ್ತದೆ. ಮೆಡಿಕಲ್ ಬೋರ್ಡ್ ಹಾಕಿದ ಶೇಕಡಾವಾರು ಕಡಿಮೆ ಅನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. 1923ರ ಕಾಯ್ದೆ ಅದರೊಳಗೆ ಸೇರಿದೆ. ಗಾಯಕ್ಕೆ ಮಾಲೀಕರ ಹೊಣೆ, ಶೇಕಡಾವಾರಿನ ಅನುಸೂಚಿ, ವಯಸ್ಸಿನ ಗುಣಕ, ತಡವಾದರೆ ಬಡ್ಡಿ ಮತ್ತು ದಂಡ ಎಂಬ ಮೂಲ ಚೌಕಟ್ಟು ಹೊಸದರಲ್ಲೂ ಇದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ವಾಪಸ್ ಬರುವಾಗ ಆಗುವ ಅಪಘಾತವೂ ಕೆಲಸಕ್ಕೆ ನಂಟಿದ್ದರೆ ಲೆಕ್ಕಕ್ಕೆ ಬರುತ್ತದೆ ಎಂದು ಸಂಹಿತೆ ನೇರವಾಗಿಯೇ ಬರೆದಿದೆ. ಸಂಹಿತೆ ಜಾರಿಯಾಗುವ ಮೊದಲಿನ ಅಪಘಾತಗಳಿಗೆ ಹಳೆಯ ಕಾಯ್ದೆಯ ಲೆಕ್ಕವೇ. ಅಪಘಾತದ ದಿನವೇ ಹೊಣೆ ಹುಟ್ಟುವ ದಿನ ಎಂಬ ಆ ಬಡಗಿಯ ತೀರ್ಪು ಇಲ್ಲೂ ದಾರಿ ತೋರಿಸುತ್ತದೆ.

ಹಳೆಯ ಕಾಯ್ದೆಯಡಿ ಅರ್ಜಿಯನ್ನು ಅಪಘಾತವಾದ ಎರಡು ವರ್ಷದೊಳಗೆ ಹಾಕಬೇಕು. ತಡವಾಗಿದ್ದರೆ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬಹುದು. ಅಪಘಾತವಾದ ಊರಿಗೇ ಹೋಗಬೇಕೆಂದಿಲ್ಲ, ಗಾಯಗೊಂಡವರು ಸಾಮಾನ್ಯವಾಗಿ ವಾಸವಿರುವ ಊರಿನ ಆಯುಕ್ತರ ಮುಂದೆಯೂ ಹಾಕಬಹುದು. ಬೆಂಗಳೂರಿನ ಸೈಟಿನಲ್ಲಿ ಬಿದ್ದು ಯಾದಗಿರಿಗೆ ವಾಪಸ್ ಹೋದವರು ಯಾದಗಿರಿಯಲ್ಲೇ ಕೇಳಬಹುದು. ಕರ್ನಾಟಕದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರು ಆಯುಕ್ತರಾಗಿ ಈ ಅರ್ಜಿಗಳನ್ನು ನಡೆಸುತ್ತಾರೆ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಅದೇ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲೂಕು ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.